ವರ್ನಾಳ ಸುಳ್ಳುಗುಂಡು

ಪುಟ್ಟ ಪಿಸ್ತೂಲು ಕಂಡರೆ ವರ್ನಾ ಸ್ಟೊಕಾರ್ಡಳಿಗೆ ಮೈಯೆಲ್ಲ ಉರಿ. ಪತ್ರಿಕೆಗೆ ಪಿಸ್ತೂಲುಗಳ ಗುಣದೋಷ ಬರೆಯುವವಳು, ಮನೆ ಹಿಂದಿನ ಮಣ್ಣುದಿಬ್ಬದ ಮುಂದೆ ಊರ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಗುರಿ ಕಲಿಸುವವಳು, ಇವಳಿಗೇ ಹೀಗೆ. "ಬಚ್ಚಿಡೋಕೆ ಚೆಂದ, ಹೊಡೆದರೆ ಕತ್ತೆ ಒದ್ದ ಹಾಗೆ" ಅಂತ ಎಷ್ಟು ಸಲ ಬರೆದಿದ್ದಳೋ ಏನೋ. ಕಂಪನಿಗಳವರು ಅವಳ ಹೆಸರು ಕೇಳಿದರೆ ಹಲ್ಲು ಕಡಿಯುತ್ತಿದ್ದರು. ಆದರೂ ಹೊಸದು ಬಂದಾಗೆಲ್ಲ ಮೊದಲು ಕಳಿಸುತ್ತಿದ್ದುದು ಅವಳಿಗೇ. ಪಶ್ಚಿಮ ಟೆಕ್ಸಾಸಿನ ಆ ಕಡೆ ವರ್ನಾ ಊಹೂಂ ಅಂದ ಪಿಸ್ತೂಲನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ಈ ಸಲ ಬಂದದ್ದರ ಹೆಸರು ರೆನ್. ಒಂದು ಹಿಡಿಯಷ್ಟು ಹಕ್ಕಿಯ ಹೆಸರು ಅದು. ಬಂದೂಕಿನಂಗಡಿಯಲ್ಲಿ ಸಹಿ ಹಾಕಿ ತಂದ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಾಗ ಗಂಡ ಡೋಯ್ಲ್ ತಣ್ಣನೆಯ ಚಹಾದ ಲೋಟ ಹಿಡಿದು ಬಗ್ಗಿ ನೋಡಿದ.

"ಏನೇ ಇದು? ಆಟದ ಸಾಮಾನು ಕಳಿಸಿದಾರಾ?"

"ಸುಮ್ಮನಿರ್ತೀಯಾ ಸ್ವಲ್ಪ? ಬೈಯೋದೇನಿದ್ರೂ ನಾನು ಬೈತೀನಿ."

ಖಾಲಿ ಇದೆಯೇ ಎಂದು ನೋಡಿಕೊಂಡಳು. ಆಮೇಲೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆಳೆಯಲು ಹಲ್ಲು ಕಚ್ಚಿದಳು. ಪುಟ್ಟ ಪಿಸ್ತೂಲುಗಳ ಸ್ಲೈಡು ಅಂದರೆ ಶನಿ. ಒಳಗಿನ ಸ್ಪ್ರಿಂಗು ಬಿಗಿ, ಹಿಡಿಯಲು ಜಾಗ ಕಮ್ಮಿ. ವರ್ನಾಳ ಬೆರಳಿನ ಗಂಟುಗಳು ಸಂಧಿವಾತದಿಂದ ಊದಿಕೊಂಡಿದ್ದವು, ಎಡ ಹೆಬ್ಬೆರಳಂತೂ ಸೊಟ್ಟಗಾಗಿ ಮೇಲಕ್ಕೇ ಏಳುತ್ತಿರಲಿಲ್ಲ. ಅಂಥ ಕೈಗೆ ರೆನ್‌ನ ಸ್ಲೈಡು ಸೋಪು ಸವರಿದ ಮೇಜಿನ ಖಾನೆಯ ಹಾಗೆ ಸರ್ರನೆ ಬಂತು. ನೋವಿಲ್ಲ, ಏದುಸಿರಿಲ್ಲ. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

"ಡೋಯ್ಲ್," ಅಂದಳು ಮೆಲ್ಲಗೆ, "ಯಾರೋ ಪುಣ್ಯಾತ್ಮ ಇದನ್ನ ಕೂತು ಯೋಚನೆ ಮಾಡಿ ಮಾಡಿದಾನೆ ಕಣೋ."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಹೊಗಳಿಕೆ ಕೇಳಿ ಗೊತ್ತಿಲ್ಲದ ಡೋಯ್ಲ್ ಲೋಟ ಕೆಳಗಿಟ್ಟ. "ನೋಲಾಗೆ ಹೇಳ್ತೀಯಾ?"

"ಈಗಲೇ ಬೇಡ. ಆಸೆ ಹುಟ್ಟಿಸಿ ಕಿತ್ಕೊಳ್ಳೋ ಪಾಪ ನನಗೆ ಬೇಡ."

ನೋಲಾ ಪ್ರುಯೆಟ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಕಡ್ಡಿಯಂಥ ತೋಳು, ಎಡ ಮಣಿಕಟ್ಟು ಒಮ್ಮೆ ಮುರಿದು ಸರಿಯಾಗಿ ಕೂಡಿಕೊಂಡಿರಲಿಲ್ಲ. ಅದನ್ನು ಮುರಿದವನು ಅವಳ ಗಂಡನಾಗಿದ್ದ ರಾಯ್ಸ್. ಮುಂದಿನ ಶುಕ್ರವಾರ ಅವನು ಜೈಲಿನಿಂದ ಹೊರಗೆ. "ಮೊದಲು ಬಂದು ನಿನ್ನನ್ನೇ ನೋಡ್ತೀನಿ" ಅಂತ ಹೇಳಿ ಕಳಿಸಿದ್ದ. ನೋಲಾಳ ಮನೆ ಊರಿನಿಂದಾಚೆ, ಸುಣ್ಣಕಲ್ಲಿನ ರಸ್ತೆ ಮುಗಿಯುವಲ್ಲಿ. ಷೆರಿಫನ ಪೊಲೀಸ್ ಕಾರು ಅಲ್ಲಿಗೆ ಬರುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ. ಅವಳು ವರ್ನಾಳ ಪಾಠಕ್ಕೆ ಒಂದು ದಿನವೂ ತಪ್ಪಿಸಿರಲಿಲ್ಲ. ವರ್ನಾ ಸ್ಲೈಡು ಎಳೆದುಕೊಟ್ಟರೆ ಗುರಿ ಪರವಾಗಿಲ್ಲ. ಆದರೆ ಯಾವ ಪಿಸ್ತೂಲಿನ ಸ್ಲೈಡನ್ನೂ ಅವಳ ಕೈಲಿ ಎಳೆಯಲಾಗದು, ರಿವಾಲ್ವರಿನ ಟ್ರಿಗರ್ ಅವಳ ಬೆರಳಿಗೆ ಬಗ್ಗದು. ಕೈಗೊಂದು ಆಯುಧ ಕೂಡಿಬರದಿದ್ದರೆ ಅಮ್ಮ ಬಿಟ್ಟುಹೋದ ಮನೆಗೆ ಬೀಗ ಜಡಿದು ನೆಬ್ರಾಸ್ಕಾದ ಅಕ್ಕನ ಬಳಿಗೆ ಓಡುವುದೆಂದು ತೀರ್ಮಾನಿಸಿದ್ದಳು. ಪೆಟ್ಟಿಗೆಗಳನ್ನೂ ಕಟ್ಟಿಟ್ಟಾಗಿತ್ತು.

ವರ್ನಾಳ ಪರೀಕ್ಷೆಗೆ ಒಂದು ಪದ್ಧತಿಯಿತ್ತು. ಮೊದಲು ಗುಂಡು ಹಾರಿಸುವುದಿಲ್ಲ, ಹೊತ್ತು ತಿರುಗುತ್ತಾಳೆ. ರೆನ್ ಅವಳ ಸೊಂಟಪಟ್ಟಿಯ ಒಳಗೆ ಸೇರಿಕೊಂಡು ಕೋಳಿಗೂಡಿಗೆ ಹೋಯಿತು, ದನದ ಕೊಟ್ಟಿಗೆಗೆ ಹೋಯಿತು, ಬೆವರು ಕುಡಿಯಿತು, ಧೂಳು ತಿಂದಿತು. ಭಾನುವಾರ ಚರ್ಚಿಗೂ ಹೋಯಿತು. ಅಲ್ಲಿ ಪಾದ್ರಿಯ ಹೆಂಡತಿ ಸಿಕ್ಕವರನ್ನೆಲ್ಲ ಮೂಳೆ ಲಟಕ್ ಎನ್ನುವಂತೆ ಅಪ್ಪಿಕೊಳ್ಳುವ ಹೆಂಗಸು. ಹಿಂದೊಮ್ಮೆ ಹಾಗೆ ಅಪ್ಪಿಕೊಂಡು, "ಅಯ್ಯೋ ವರ್ನಾ, ಇವತ್ತು ಇಟ್ಟಿಗೆ ಕಟ್ಕೊಂಡು ಬಂದಿದೀಯಲ್ಲೇ!" ಎಂದು ಎಲ್ಲರೆದುರು ಮಾನ ತೆಗೆದಿದ್ದಳು. ಈ ಸಲ ಗಟ್ಟಿಯಾಗಿ ಅಪ್ಪಿ, ಬೆನ್ನು ತಟ್ಟಿ, "ಏನೇ, ಇವತ್ತು ಬರಿಗೈಲಿ ಬಂದಿದೀಯಾ?" ಅಂದಳು. ಡೋಯ್ಲ್ ಹಾಡಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕ.

ಆಮೇಲೆ ಒರೆಸದೆ, ಎಣ್ಣೆ ಬಿಡದೆ, ಬಟ್ಟೆಯ ಜುಂಗು ಅಂಟಿಕೊಂಡಿದ್ದ ಹಾಗೇ ದಿಬ್ಬದ ಮುಂದೆ ನಿಂತು ಹೊಡೆದಳು. ಒಂದು ಡಬ್ಬಿ ಗುಂಡು ಮುಗಿಯಿತು, ಇನ್ನೊಂದು, ಮತ್ತೊಂದು. ಒಮ್ಮೆಯೂ ಮುನಿಸಿಲ್ಲ. ಒದೆತವಂತೂ ಯಾರೋ ಅಂಗೈ ತಟ್ಟಿದ ಹಾಗೆ. ಗುರಿಹಾಳೆಯ ನಡುವೆ ಒಂದು ಮುಷ್ಟಿ ಮುಚ್ಚುವಷ್ಟು ಜಾಗದಲ್ಲಿ ತೂತೇ ತೂತು. ಡೋಯ್ಲ್ ಟೋಪಿ ತೆಗೆದು ಎದೆಗೆ ಹಿಡಿದ. ತಮಾಷೆಗೆ ಅಂತ ಶುರು ಮಾಡಿದ್ದು, ಹಾಗೇ ಹಿಡಿದುಕೊಂಡೇ ನಿಂತ. ವರ್ನಾಳ ಕಣ್ಣು ತುಂಬಿತ್ತು. ಇಷ್ಟು ವರ್ಷ ಗಂಡಸರ ಕೈಯ ಅಳತೆಗೆ ಮಾಡಿದ್ದನ್ನೇ ಹಿಡಿದು ಹಿಡಿದು ಬೆರಳು ಸವೆಸಿಕೊಂಡವಳಿಗೆ, ಇದೊಂದು ತನ್ನಂಥವಳ ಕೈಗೆಂದೇ ಹುಟ್ಟಿಬಂದ ಹಾಗಿತ್ತು.

"ಫೋನ್ ಮಾಡು, ನೋಲಾನ ಕರಿ," ಅಂದಳು.

ನೋಲಾ ಶಾಲೆಯ ಕೆಲಸ ಮುಗಿಸಿ ಏಪ್ರನ್ನಿನಲ್ಲೇ ಬಂದಳು. ಸ್ಲೈಡಿಗೆ ಕೈ ಹಾಕುವ ಮೊದಲು ಎಂದಿನಂತೆ ಉಸಿರು ಬಿಗಿಹಿಡಿದಳು. ಎಳೆದಳು. ಬಂತು! ಬಾಯಿ ತೆರೆದವಳು ಮುಚ್ಚಲೇ ಇಲ್ಲ.

"ಮಿಸ್ ವರ್ನಾ! ಬಂತು! ನನ್ನ ಕೈಲೇ ಬಂತು!"

"ಕಂಡೆ ಕಣಮ್ಮ, ಕಂಡೆ. ಕುಣೀಬೇಡ, ಮೂತಿ ದಿಬ್ಬದ ಕಡೆ ಇಟ್ಕೊ."

ಹೊಡೆದಳು. ಒಂದು, ಎರಡು. ಮೂರನೆಯದಕ್ಕೆ ಖಾಲಿ ತೋಟಾ ಹೊರಗೆ ಹಾರದೆ ಸ್ಲೈಡಿನ ಬಾಯಲ್ಲಿ ಸಿಕ್ಕಿಕೊಂಡು ನೆಟ್ಟಗೆ ನಿಂತಿತು. ಬಿಡಿಸಿಕೊಂಡು ಮತ್ತೆ ಹೊಡೆದರೆ ಮತ್ತೆ ಅದೇ ಕಥೆ. ವರ್ನಾ ಇಸಿದುಕೊಂಡು ಹೊಡೆದಳು, ಒಂದೂ ತಪ್ಪಲಿಲ್ಲ. ನೋಲಾಳ ಕೈಗೆ ಕೊಟ್ಟರೆ ಎರಡನೆಯದಕ್ಕೇ ತೋಟಾ ಸಿಕ್ಕಿಕೊಂಡಿತು.

ಕೈಯಲ್ಲಿ ಬಲವಿಲ್ಲದವರು ಹೊಡೆದರೆ ಮೆದು ಸ್ಪ್ರಿಂಗಿನ ಪಿಸ್ತೂಲು ಕೈಕೊಡುವುದುಂಟು, ವರ್ನಾಳಿಗದು ಗೊತ್ತಿತ್ತು. ಬಾಗಿಲಲ್ಲಿ ರಾಯ್ಸ್ ನಿಂತಿರುವಾಗ ಹೀಗೆ ಸಿಕ್ಕಿಕೊಂಡರೆ? ಸುಳ್ಳು ಹೇಳುವ ಹೆಂಗಸಲ್ಲ ಅವಳು.

"ಇದು ನಿನಗಾಗಲ್ಲ ಕಂದ," ಅಂದಳು. "ನನಗೆ ಹೇಳೋಕೆ ಬಾಯೇ ಬರ್ತಿಲ್ಲ. ಆದರೂ ಆಗಲ್ಲ."

ನೋಲಾ ಅಳಲಿಲ್ಲ. ಪಿಸ್ತೂಲನ್ನು ಖಾಲಿ ಮಾಡಿ, ಕಲಿಸಿದ್ದ ಹಾಗೇ ಸ್ಲೈಡು ತೆರೆದು ಮೇಜಿನ ಮೇಲಿಟ್ಟಳು. "ನೆಬ್ರಾಸ್ಕಾದಲ್ಲಿ ತುಂಬಾ ಚಳಿಯಂತೆ," ಅಂದು ಏಪ್ರನ್ನಿಗೆ ಕೈ ಒರೆಸಿಕೊಂಡಳು.

ಏಪ್ರನ್ನಿನ ಮೇಲೆ ಉದ್ದಕ್ಕೊಂದು ಕಪ್ಪು ಗೆರೆ ಮೂಡಿತು.

"ತಡಿ ತಡಿ," ವರ್ನಾ ಅವಳ ಎಡಗೈ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಅಂಚಿಗೆಲ್ಲ ಮಸಿ. ಸ್ಲೈಡಿನ ಮಸಿ. "ಬೆರಳು ಎಲ್ಲಿಟ್ಟಿದ್ದೆ?"

"ನೀವು ಹೇಳಿದ ಕಡೆನೇ. ಹೆಬ್ಬೆರಳು ಮೇಲಕ್ಕೆ, ಮುಂದಕ್ಕೆ ಅಂತ ಬಡ್ಕೋತೀರಲ್ಲ ದಿನಾ."

ವರ್ನಾ ಹಣೆ ಹಣೆ ಚಚ್ಚಿಕೊಂಡಳು. ಇಡೀ ಜಿಲ್ಲೆಯ ಹೆಂಗಸರಿಗೆಲ್ಲ ಅವಳು ಕಲಿಸಿದ್ದ ಹಿಡಿತ ಅದು: ಬಲಗೈಯಲ್ಲಿ ಪಿಸ್ತೂಲು, ಆಸರೆಗೆ ಎಡಗೈ, ಅದರ ಹೆಬ್ಬೆರಳು ಮೇಲೆ. ದೊಡ್ಡ ಪಿಸ್ತೂಲಿಗೆ ಅದು ಸರಿ. ಈ ಹಕ್ಕಿಮರಿಯ ಮೇಲೆ ಹಾಗೆ ಬೆರಳಿಟ್ಟರೆ ಸೀದಾ ಸ್ಲೈಡಿಗೇ ಒರಗಿ, ಓಡುವುದನ್ನು ಹಿಡಿದು ನಿಲ್ಲಿಸುತ್ತದೆ. ಕಲಿಸುವಾಗ ತಾನು ಯಾವತ್ತೂ ಬಲಗಡೆ ನಿಲ್ಲುವವಳು, ಎಡ ಹೆಬ್ಬೆರಳು ಕಂಡಿರಲಿಲ್ಲ. ತನ್ನದೋ ಸೊಟ್ಟ ಹೆಬ್ಬೆರಳು, ಮೇಲಕ್ಕೆ ಏಳುವುದೇ ಇಲ್ಲ; ಅದಕ್ಕೇ ತನ್ನ ಕೈಯಲ್ಲಿ ಒಮ್ಮೆಯೂ ಸಿಕ್ಕಿಕೊಂಡಿರಲಿಲ್ಲ.

"ಪಿಸ್ತೂಲಿಗೆ ಇನ್ನೇನು ಮರಣಶಾಸನ ಬರೀತಿದ್ಯಲ್ಲೇ," ಅಂದ ಡೋಯ್ಲ್, "ತಪ್ಪು ಮೇಷ್ಟ್ರಮ್ಮಂದು!"

"ಬಾಯಿ ಮುಚ್ಕೊಂಡು ಗುಂಡು ತುಂಬು ನೀನು."

ನೋಲಾ ಹೆಬ್ಬೆರಳು ಕೆಳಗಿಟ್ಟು ಹೊಡೆದಳು. ರೆನ್ ಹಾಡತೊಡಗಿತು ಅಂದರೆ ನಂಬಬೇಕು. ಒಂದು ಡಬ್ಬಿ ಮುಗಿದರೂ ತೊಡಕಿಲ್ಲ, ತಡೆಯಿಲ್ಲ.

ಉಳಿದದ್ದು ಕೊನೆಯ ಪರೀಕ್ಷೆ, ವರ್ನಾಳ ಸುಳ್ಳುಗುಂಡಿನದು. ಕೈಗೆ ಪಿಸ್ತೂಲು ಕೂಡಿಬಂದ ಮೇಲಷ್ಟೇ ಅದು. ಹೊಡೆಯುವವರಿಗೆ ಗೊತ್ತಾಗದಂತೆ ನಿಜದ ಗುಂಡುಗಳ ನಡುವೆ ಮದ್ದಿಲ್ಲದ ಒಂದನ್ನು ಸೇರಿಸಿಡುತ್ತಾಳೆ. ಟ್ರಿಗರ್ ಎಳೆದಾಗ ಸದ್ದಿಲ್ಲ, ಬರೀ ಟಿಕ್. ಆ ಗಳಿಗೆಯಲ್ಲಿ ಮನುಷ್ಯನ ಗುಟ್ಟು ರಟ್ಟಾಗುತ್ತದೆ: ಸದ್ದಿಗೆ, ಒದೆತಕ್ಕೆ ಮೊದಲೇ ಹೆದರಿದ ಕೈ ತಾನಾಗಿ ಬೆಚ್ಚಿ, ಪಿಸ್ತೂಲಿನ ಮೂತಿ ನೆಲ ನೋಡುತ್ತದೆ. ಎಲ್ಲರದೂ ನೋಡುತ್ತದೆ. ಡೋಯ್ಲನದು, ಷೆರಿಫನ ಜನರದು, ಸ್ವತಃ ವರ್ನಾಳದೂ.

ಬೆನ್ನು ತಿರುಗಿಸಿ ತುಂಬಿ ಕೊಟ್ಟಳು. ನೋಲಾ ಹೊಡೆದಳು. ಢಂ. ಢಂ. ಟಿಕ್.

ಮೂತಿ ಅಲುಗಲಿಲ್ಲ. ಒಂದು ಕೂದಲೆಳೆಯಷ್ಟೂ ಇಲ್ಲ. ಭುಜ ಅಲುಗಲಿಲ್ಲ, ರೆಪ್ಪೆ ಬಡಿಯಲಿಲ್ಲ.

"ಏನೋ ಅದೃಷ್ಟ," ಅಂದುಕೊಂಡು ವರ್ನಾ ಮತ್ತೆ ತುಂಬಿದಳು. ಈ ಸಲ ಮೊದಲನೆಯದೇ ಸುಳ್ಳು. ಟಿಕ್. ಅಲುಗಲಿಲ್ಲ. ಮತ್ತೆ ತುಂಬಿದಳು. ಟಿಕ್. ಕಲ್ಲಿನಂತೆ ನಿಂತಿದ್ದಳು ನೋಲಾ. ವರ್ನಾಳ ತೋಳಿನ ರೋಮವೆಲ್ಲ ಎದ್ದು ನಿಂತಿತು. ಪಿಸ್ತೂಲಿಗೆ ಮರುಳಾಗಿದ್ದವಳಿಗೆ ಈಗ ಪಿಸ್ತೂಲಿನ ನೆನಪೇ ಇಲ್ಲ.

"ಹುಡುಗಿ," ಅಂದಳು, "ಇಷ್ಟು ವರ್ಷ ಕಲಿಸಿದೀನಿ. ಒಬ್ಬರ ಕೈಲೂ ಇದನ್ನ ನೋಡಿಲ್ಲ. ಎಲ್ಲಿ ಕಲಿತೆ?"

ನೋಲಾ ಪಿಸ್ತೂಲು ಕೆಳಗಿಟ್ಟಳು. ಏನು ಕೇಳುತ್ತಿದ್ದಾರೆಂದು ಅವಳಿಗೆ ತಕ್ಷಣ ತಿಳಿಯಲಿಲ್ಲ.

"ಬೆಚ್ಚಬಾರದು ಅಂತಲಾ? ಅದು ಮನೇಲೇ ಕಲಿತದ್ದು, ಮಿಸ್ ವರ್ನಾ. ರಾಯ್ಸ್ ಕೈ ಎತ್ತಿದಾಗ ನಾನು ಬೆಚ್ಚಿದ್ರೆ ಅವನಿಗೆ ಇನ್ನೂ ಸಿಟ್ಟು ಬರ್ತಿತ್ತು. ಬೆಚ್ಚದೆ ನಿಂತ್ರೆ ಬೇಗ ಮುಗೀತಿತ್ತು."

ದಿಬ್ಬದ ಮೇಲೆ ಗಾಳಿ ಬೀಸಿ ಗುರಿಹಾಳೆ ಪಟಪಟ ಅಂದಿತು. ಡೋಯ್ಲ್ ಮುಂದೆ ಬಂದು, ದೊಡ್ಡಪ್ಪನ ಹಾಗೆ ಅವಳ ಹೆಗಲು ತಟ್ಟಲು ಕೈ ಎತ್ತಿದ. ನೋಲಾ ಅಲುಗದೆ ನಿಂತಿದ್ದಳು. ರಾಯ್ಸ್ ಎದುರೂ ಹೀಗೇ ನಿಂತಿರಬೇಕು ಎಂದು ಅವನಿಗೆ ಹೊಳೆಯಿತು. ಎತ್ತಿದ ಕೈ ಅಲ್ಲೇ ನಿಂತಿತು.

"ಹೆಗಲ ಮೇಲೆ ಕೈ ಇಡಬಹುದೇನಮ್ಮ?" ಅಂದ.

ನೋಲಾ ಅವನ ಕೈ ನೋಡಿದಳು, ಮುಖ ನೋಡಿದಳು. ಮೊದಲ ಸಲ ಅವಳ ಗದ್ದ ನಡುಗಿತು. "ಇಡಿ, ಮಿಸ್ಟರ್ ಡೋಯ್ಲ್," ಅಂದಳು.

ವರ್ನಾ ಮೂಗು ಸೀಟಿಕೊಂಡು ರೆನ್ ಪಿಸ್ತೂಲನ್ನು ಒರೆಗೆ ಸೇರಿಸಿ ಅವಳ ಕೈಗಿತ್ತಳು.

"ಕಂಪನಿಗೆ ವಾಪಸ್ ಕಳಿಸಬೇಕಲ್ವಾ ಇದನ್ನ?" ಅಂದಳು ನೋಲಾ.

"ಕಂಪನಿಯವರ ಹತ್ರ ನಾನು ಮಾತಾಡ್ಕೋತೀನಿ. ಇಷ್ಟು ದಿನ ಬೈಸಿಕೊಂಡಿದಾರೆ, ಇದೊಂದು ದೊಡ್ಡದಾ?"

ನೋಲಾ ಬಗ್ಗಿ, ಧೂಳಿನಲ್ಲಿ ಬಿದ್ದಿದ್ದ ಸುಳ್ಳುಗುಂಡುಗಳನ್ನು ಹೆಕ್ಕಿ, ಏಪ್ರನ್ನಿನಲ್ಲಿ ಒರೆಸಿ ವರ್ನಾಳ ಅಂಗೈಯಲ್ಲಿಟ್ಟಳು.

"ಹೊರಡ್ತೀನಿ. ಕಟ್ಟಿಟ್ಟ ಪೆಟ್ಟಿಗೆಗಳನ್ನೆಲ್ಲ ಬಿಚ್ಚಬೇಕು," ಅಂದಳು. "ಶುಕ್ರವಾರ ನಾನು ಮನೇಲೇ ಇರ್ತೀನಿ."