ಎಡ ಭುಜ

"ಯಾವ ಭುಜ ಅಕ್ಕಾ?"

ನಾಯಕಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹಳೆಯ ದಿಂಬು ತುರುಕಿದ್ದ ಕಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಯಾವ ಕಡೆಗೆ ಏರಿಸಲಿ ಎಂದು ಕಾಯುತ್ತಿದ್ದಳು.

ಅಕ್ಕ ನೋಟ್‌ಬುಕ್ ತೆರೆದಳು. ಆರು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಸಿನಿಮಾಕ್ಕೆ ತೆಗೆದ ದೃಶ್ಯದ ಪುಟ. ಅಲ್ಲಿ ನಾಯಕಿ ಮಂಚದ ಮೇಲಿನ ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗುತ್ತಾಳೆ. ತನ್ನದೇ ಗುಂಡಗಿನ ಅಕ್ಷರ: ಜಡೆ ಬೆನ್ನ ನಡುವಿಗೆ. ಸ್ವೆಟರಿನ ಮೇಲಿನ ಗುಂಡಿ ಬಿಚ್ಚಿದೆ. ಚೀಲ ಎಡ ಭುಜದಲ್ಲಿ. 'ಎಡ' ಎಂಬುದರ ಕೆಳಗೆ ಬೆರಳಿಟ್ಟುಕೊಂಡೇ ಅವಳು ಹೇಳಿದಳು:

"ಬಲ."

"ಬಲಾನಾ? ನಾನ್ ಎಡ ಅಂದ್ಕೊಂಡಿದ್ದೆ."

"ಅಕ್ಕ ಅಂದ್ಮೇಲೆ ಮುಗೀತು," ಎಂದ ಕಿವಿ. ಶಬ್ದ ಹಿಡಿಯುವವನಿಗೆ ಎಲ್ಲರೂ ಇಟ್ಟಿದ್ದ ಹೆಸರು ಅದು. ನೆಲ ಒರೆಸುವ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡು ಅವನು ಗೋಡೆಗೆ ಒರಗಿದ್ದ. "ಮೊದಲ್ನೇ ವರ್ಷ ಕಪ್ಪಿನ ಹಿಡಿ ಯಾವ ಕಡೆ ಇತ್ತು ಅಂತ ಅಕ್ಕನ ಹತ್ರ ಬಾಜಿ ಕಟ್ಟಿ ಸೋತು, ಇಡೀ ದಿನದ ಪಾತ್ರೆ ತೊಳೆದೋನು ನಾನು. ಸುಮ್ನೆ ಬಲಕ್ಕೆ ಹಾಕ್ಕೋ ತಾಯಿ."

ನಾಯಕಿ ಬಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಕಿಟಕಿಯಲ್ಲಿ ಕ್ಯಾಮೆರಾ. ಅದರ ಹಿಂದೆ, ಉಳಿದ ದಿನಗಳಲ್ಲಿ ಮದುವೆಗಳ ಫೋಟೋ ತೆಗೆಯುವ ಗೆಳೆಯ, ಪಕ್ಕದಲ್ಲಿ ಸಿನಿಮಾ ಮಾಡುತ್ತಿರುವ ಅಕ್ಕನ ತಮ್ಮ. ಕೆಳಗೆ ಬೀದಿಗೆ ಬಂದ ನಾಯಕಿ ಬೆನ್ನು ಮಾಡಿ, ಕಾಂಪೌಂಡಿನ ಉದ್ದಕ್ಕೂ ನಡೆದು, ಕೆಂಪು ಅಂಚೆಪೆಟ್ಟಿಗೆಯ ಹತ್ತಿರ ನಿಂತಳು. "ಕಟ್!" ಎಂದು ತಮ್ಮ ಕೂಗಿದ. ಆಮೇಲೆ ದನಿ ತಗ್ಗಿಸಿ, ತಾನೇ ನಂಬದವನಂತೆ, "ಮುಗೀತು" ಎಂದ.

ಮೂರು ವರ್ಷದ ಭಾನುವಾರಗಳು ಮುಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ನೋಟ್‌ಬುಕ್ ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದಳು.

ಅವಳು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ಎರಡು ಕಣ್ಣುಗಳ ನಡುವಿನ ದೂರವನ್ನು ಸಣ್ಣ ಪಟ್ಟಿಯಿಂದ ಅಳೆದು ಬರೆದುಕೊಳ್ಳುವುದು ಅವಳ ಕೆಲಸ. ಒಂದು ಮಿಲಿಮೀಟರ್ ತಪ್ಪಿದರೂ ಜನ ತಲೆನೋವೆಂದು ವಾಪಸು ಬರುತ್ತಾರೆ. ಅವಳ ಅಳತೆಗೆ ಯಾರೂ ವಾಪಸು ಬಂದಿರಲಿಲ್ಲ. ತಮ್ಮ ಸಿನಿಮಾ ಮಾಡುತ್ತೇನೆಂದು ಹೊರಟಾಗ ಅವನ ಹತ್ತಿರ ಇದ್ದದ್ದು ಎರವಲು ಕ್ಯಾಮೆರಾ, ಮೂರು ಜನ ಗೆಳೆಯರು, ಬಿಟ್ಟರೆ ಅಕ್ಕನ ಎರಡು ಕೋಣೆಯ ಮನೆ. ಅವಳ ಬಿಳಿ ಹೊದಿಕೆ ಬೆಳಕನ್ನು ಮುಖಕ್ಕೆ ತಿರುಗಿಸುವ ಪರದೆಯಾಯಿತು, ಕಚೇರಿ ಕುರ್ಚಿಯ ಚಕ್ರಗಳು ಕ್ಯಾಮೆರಾದ ಗಾಡಿಯಾದವು. ಅವಳ ನೀಲಿ ಸ್ವೆಟರ್ ನಾಯಕಿಯ ಮೈಮೇಲೆ ಹೋಯಿತು. ಒಂದು ಭಾನುವಾರ ತೆಗೆದದ್ದು ಇನ್ನೊಂದು ಭಾನುವಾರದ್ದಕ್ಕೆ ಹೊಂದಬೇಕಲ್ಲ. ಅದನ್ನೆಲ್ಲ ಬರೆದಿಡುವ ನೋಟ್‌ಬುಕ್ ತಾನಾಗಿ ಅವಳ ಕೈಗೆ ಬಂತು.

ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಮೈಕಿಗೆ ಬೀಳಬಾರದೆಂದು ಕಿವಿ ಪ್ರತಿ ಸಲವೂ ಅದನ್ನು ಆರಿಸುತ್ತಿದ್ದ. ಮತ್ತೆ ಹಾಕಲು ಮರೆಯಬಾರದೆಂದು ತನ್ನ ಸ್ಕೂಟರಿನ ಕೀಲಿಯನ್ನು ಮೊಟ್ಟೆಗಳ ಪಕ್ಕ ಇಡುತ್ತಿದ್ದ. ಸಂಜೆ ಹೊರಡುವಾಗ ತಣ್ಣಗಾದ ಕೀಲಿಯನ್ನು ಕೆನ್ನೆಗೆ ತಾಗಿಸಿಕೊಂಡು "ಹಾ!" ಎನ್ನುತ್ತಿದ್ದ. ಸೋಮವಾರದಿಂದ ಶನಿವಾರದ ತನಕ ಅಕ್ಕ ಫ್ರಿಜ್ ತೆರೆದಾಗೆಲ್ಲ ಕೀಲಿಯ ಜಾಗ ಖಾಲಿ ಕಾಣುತ್ತಿತ್ತು. ಅಲ್ಲಿ ಅವಳು ಬೇರೇನನ್ನೂ ಇಡುತ್ತಿರಲಿಲ್ಲ.

ಬುಧವಾರ ಅಂಗಡಿಯಿಂದ ಬರುವ ಹೊತ್ತಿಗೆ ತಮ್ಮ ಬಾಗಿಲಲ್ಲಿ ಕೂತಿದ್ದ.

"ಅಕ್ಕಾ, ಎರಡು ಶಾಟೂ ಕೂಡ್ತಾ ಇಲ್ಲ. ರೂಮಲ್ಲಿ ಚೀಲ ಎಡಕ್ಕಿದೆ, ಬೀದೀಲಿ ಬಲಕ್ಕೆ. ಮೆಟ್ಲಿಳಿಯೋದ್ರಲ್ಲಿ ಚೀಲ ಹಾರ್ಕೊಂಡು ಹೋದಂಗೆ ಕಾಣತ್ತೆ."

"ಹೌದಾ?" ಅವಳು ಬೀಗ ತೆಗೆಯುತ್ತ ಹೇಳಿದಳು. "ನಾನ್ ನೋಡೋದ್ರಲ್ಲಿ ತಪ್ಪಾಗಿರ್ಬೇಕು ಕಣೋ. ಮತ್ತೆ ತೆಗೆದ್ರಾಯ್ತು. ಈ ಭಾನುವಾರಾನೇ ಬರಲಿ ಎಲ್ಲಾರೂ."

"ಚಿತ್ರೋತ್ಸವಕ್ಕೆ ಸೋಮವಾರ ಕಳಿಸ್ಬೇಕು. ಕೊನೇ ಶಾಟೇ ಸರಿಯಿಲ್ಲ ಅಂದ್ರೆ ಯಾರು ನೋಡ್ತಾರೆ?"

"ಭಾನುವಾರ ಆದ್ಮೇಲಲ್ವಾ ಸೋಮವಾರ ಬರೋದು?"

ಅವನು ನಗಲಿಲ್ಲ. ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ ತೆಗೆದು ಪುಟ ತಿರುವತೊಡಗಿದ. ಅಕ್ಕ ಟೀಗಿಟ್ಟಳು. ಬೆನ್ನ ಹಿಂದೆ ಪುಟಗಳ ಸದ್ದು ಬರುತ್ತಿತ್ತು, ನಿಂತಿತು. ಅವನು ಯಾವ ಪುಟದಲ್ಲಿ ನಿಂತನೆಂದು ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಸರಿ," ಎಂದ ಅವನು. "ಹೇಳ್ತೀನಿ ಎಲ್ಲಾರ್ಗೂ." ನೋಟ್‌ಬುಕ್ಕನ್ನು ಇದ್ದ ಕಡೆಯೇ ಇಟ್ಟ.

ಭಾನುವಾರ ಅವಳು ಐದಕ್ಕೇ ಎದ್ದಳು. ಹೊದಿಕೆ ಒಗೆದು ಒಣಹಾಕಿದಳು, ಕುರ್ಚಿಯ ಚಕ್ರಗಳಿಗೆ ಎಣ್ಣೆ ಬಿಟ್ಟಳು. ಎರಡೂ ಇವತ್ತಿನ ಕೆಲಸಕ್ಕೆ ಬೇಕಿರಲಿಲ್ಲ. ಮೊದಲು ಕಿವಿ ಬಂದ, ಆಮೇಲೆ ತಮ್ಮನೂ ಫೋಟೋದವನೂ ಬಂದರು. ಮನೆ ಮತ್ತೆ ಇಕ್ಕಟ್ಟಾಯಿತು. ಒಬ್ಬರು ದಾಟಲು ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅವಳು ತನ್ನಷ್ಟಕ್ಕೆ ಗುನುಗುತ್ತಿದ್ದಳು.

ಕೊನೆಗೆ ಬಂದವಳು ನಾಯಕಿ. ಹೊಸ್ತಿಲಲ್ಲೇ ನಿಂತು, ತಲೆಯ ಮೇಲಿನ ದುಪಟ್ಟಾ ಸರಿಸಿದಳು. ಕೂದಲು ಕತ್ತಿನವರೆಗೆ ಇತ್ತು, ಅಷ್ಟೇ.

"ಮುಗೀತು ಅಂದಿದ್ರಲ್ಲ," ಎಂದಳು. "ಮೂರ್ ವರ್ಷ ಒಂದಿಂಚು ಹೆಚ್ಚುಕಮ್ಮಿ ಆಗದಂಗೆ ಇಟ್ಕೊಂಡಿದ್ದೆ. ಸೋಮವಾರಾನೇ ಹೋಗಿ ಕತ್ತರಿಸ್ಬಿಟ್ಟೆ. ಬುಧವಾರ ಇವ್ನು ಫೋನ್ ಮಾಡ್ದಾಗ ಹೇಳೋಕೆ ಬಾಯೇ ಬರ್ಲಿಲ್ಲ."

ಫೋಟೋದವನು ಕ್ಯಾಮೆರಾದ ಮುಚ್ಚಳವನ್ನು ಮತ್ತೆ ಹಾಕಿದ.

"ಇಷ್ಟ್ ಮೌನ ಈ ಮನೇಲಿ ಯಾವತ್ತೂ ಸಿಕ್ಕಿರ್ಲಿಲ್ಲ," ಎಂದ ಕಿವಿ. "ರೆಕಾರ್ಡ್ ಮಾಡ್ಕೊಂಡ್ಬಿಡ್ಲಾ?"

ತಮ್ಮ ಮಂಚದ ಮೇಲೆ ಕುಸಿದು ಕೂತ. ಅಕ್ಕನಿಗೆ ಅವನ ನೆತ್ತಿಯಷ್ಟೇ ಕಾಣುತ್ತಿತ್ತು. ಅಲ್ಲಿ ಕೂದಲು ತೆಳ್ಳಗಾಗಿತ್ತು. ಸಿನಿಮಾ ಶುರುವಾದಾಗ ಹಾಗಿರಲಿಲ್ಲ. ಅದನ್ನು ಅವಳು ಯಾವ ಪುಟದಲ್ಲೂ ಬರೆದಿರಲಿಲ್ಲ.

"ತಪ್ಪು ನಂದು," ಎಂದಳು. ಅದು ಯಾರಿಗೂ ಕೇಳಿಸಲಿಲ್ಲ. ನೀರು ತರುವವಳಂತೆ ಅಡುಗೆಮನೆ ಕಡೆ ತಿರುಗಿದಳು.

"ಅಕ್ಕಾ, ಹಂಗೇ ನಿಂತ್ಕೊಳಿ." ಫೋಟೋದವನ ದನಿ. "ತಿರುಗ್ಬೇಡಿ. ಜಡೆ ನೋಡ್ರೋ. ಎತ್ತರಾನೂ ಅಷ್ಟೇ ಅಲ್ವಾ?"

ತನ್ನ ಬೆನ್ನನ್ನು ನಾಲ್ಕು ಜನ ನೋಡುತ್ತಿರುವುದು ಅವಳಿಗೆ ಚರ್ಮದಲ್ಲೇ ತಿಳಿಯಿತು. ಈ ಮನೆಯಲ್ಲಿ ನೋಡುವವಳು ತಾನು. ತನ್ನನ್ನು ಯಾರೂ ಹೀಗೆ ಅಳೆದಿರಲಿಲ್ಲ.

"ಹುಚ್ಚಾ ನಿಮಗೆ? ನನ್ನ ನಡಿಗೆ ಬೇರೆ. ನನಗೆ ಆ್ಯಕ್ಟಿಂಗ್ ಎಲ್ಲಿ ಬರತ್ತೆ?"

"ಸ್ವೆಟರ್ ನಿಂದೇ," ಎಂದ ತಮ್ಮ. ಎದ್ದು ಬಂದು ಅವಳ ಎದುರು ನಿಂತಿದ್ದ. "ಬಾಗಿಲೂ ನಿಂದೇ. ನಡ್ಕೊಂಡು ಹೋಗೋದು, ಅಷ್ಟೇ ಅಕ್ಕಾ. ತಿರುಗಿ ಮಾತ್ರ ನೋಡ್ಬೇಡ."

ಅವನ ಸಿನಿಮಾದ ಹೆಂಗಸು ಮನೆಯವರನ್ನೆಲ್ಲ ಸಾಕಿ, ಒಂದು ಬೆಳಿಗ್ಗೆ ಚೀಲ ಎತ್ತಿಕೊಂಡು ಹೊರಡುತ್ತಾಳೆ. ಕಥೆ ಮೊದಲ ಸಲ ಓದಿ ಹೇಳಿದಾಗ ಅಕ್ಕ ಕೇಳಿದ್ದಳು: "ಹೋಗೋದೆಲ್ಲಿಗೆ ಅವಳು?" "ಗೊತ್ತಿಲ್ಲ," ಎಂದಿದ್ದ ತಮ್ಮ. "ಹೋದ್ರೆ ಸಾಕು ಅನ್ಸತ್ತೆ ನಂಗೆ." ಆಗ ಅವಳಿಗೆ ಇದೆಂಥಾ ಕಥೆ ಎನ್ನಿಸಿತ್ತು.

ನಾಯಕಿ ಅವಳಿಗೆ ಸ್ವೆಟರ್ ತೊಡಿಸಿದಳು. ಮೂರು ವರ್ಷದಲ್ಲಿ ಅದು ಇನ್ನೊಬ್ಬರ ವಾಸನೆ ಹಿಡಿದಿತ್ತು. "ನೋಟ್‌ಬುಕ್ ಇವತ್ತು ನಾನ್ ಹಿಡಿತೀನಿ ಅಕ್ಕಾ," ಎಂದು ಪುಟ ಹುಡುಕಿ ಗಟ್ಟಿಯಾಗಿ ಓದಿದಳು: "ಜಡೆ ಬೆನ್ನ ನಡುವಿಗೆ. ಮೇಲಿನ ಗುಂಡಿ ಬಿಚ್ಚಿದೆ. ಚೀಲ ಎಡ... ಎಡ ಅಂತಾನೇ ಬರೆದಿದೀರಲ್ಲ..."

ನಾಯಕಿ ಮುಖ ಎತ್ತಿ ನೋಡಿದಳು. ಅಕ್ಕ ಅವಳ ಹೊಸದಾಗಿ ಕತ್ತರಿಸಿದ ಕೂದಲಿನ ಅಂಚನ್ನೇ ನೋಡುತ್ತಿದ್ದಳು. ಕಿಟಕಿಯ ಹತ್ತಿರ ತಮ್ಮ, ಆಗಲೇ ಬಿಗಿಯಾಗಿದ್ದ ಕ್ಯಾಮೆರಾ ಸ್ಟ್ಯಾಂಡಿನ ತಿರುಪನ್ನು ಇನ್ನೂ ಬಿಗಿಮಾಡುತ್ತಿದ್ದ.

ನಾಯಕಿ ನೋಟ್‌ಬುಕ್ ಮುಚ್ಚಿದಳು. ಚೀಲವನ್ನು ಎತ್ತಿ ಅಕ್ಕನ ಎಡ ಭುಜಕ್ಕೆ ಹಾಕಿ, ಪಟ್ಟಿಯನ್ನು ನಿಧಾನವಾಗಿ ಸರಿಮಾಡಿದಳು. "ಭಾನುವಾರ ನಾನ್ ಕೆಲ್ಸಕ್ಕೆ ಹೋಗೋ ಕ್ಲಿನಿಕ್ ರಜಾನೇ ಇರತ್ತೆ ಅಕ್ಕಾ," ಎಂದಳು ಮೆಲ್ಲಗೆ. "ಸುಮ್ನೆ ಕರೆದ್ರೂ ಬರ್ತಿದ್ದೆ."

ಕಿವಿ ಫ್ರಿಜ್ ಆರಿಸಿ ಕೀಲಿ ಒಳಗಿಟ್ಟ. ಸದ್ದು ನಿಂತಿತು.

ಅಕ್ಕ ಮೆಟ್ಟಿಲಿಳಿದು ಬೀದಿಗೆ ಬಂದಳು. ಅಂಗಡಿಗೆ ಹೋಗುವ ಅದೇ ದಾರಿ, ಅದೇ ಕಾಂಪೌಂಡು. ಹೆಜ್ಜೆ ಮಾತ್ರ ಯಾರದೋ ಆಗಿತ್ತು. ಹತ್ತು ಹೆಜ್ಜೆಯಾದ ಮೇಲೆ ತನ್ನದಾಯಿತು. ಚೀಲ ಹಗುರವಾಗಿತ್ತು. ಬೆನ್ನ ಹಿಂದೆ, ಮೇಲೆ, ಕಿಟಕಿ ತುಂಬ ಅವರೆಲ್ಲ ಇದ್ದರು. ಉಸಿರು ಬಿಗಿಹಿಡಿದು, ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡು ನಿಂತಿರುತ್ತಾರೆಂದು ಅವಳಿಗೆ ನೋಡದೆಯೂ ಗೊತ್ತಿತ್ತು.

ಅಂಚೆಪೆಟ್ಟಿಗೆ ಬಂತು. ನಾಯಕಿ ನಿಂತದ್ದು ಇಲ್ಲೇ. ಅಕ್ಕ ಹೆಜ್ಜೆ ನಿಧಾನಿಸಿ, 'ಕಟ್' ಎಂಬ ಆ ಒಂದು ಮಾತಿಗಾಗಿ ಕಿವಿಗೊಟ್ಟಳು. ತಮ್ಮ ಕೂಗಲಿಲ್ಲ.

ಪಟ್ಟಿ ಭುಜದಿಂದ ಜಾರುತ್ತಿತ್ತು. ಅದನ್ನು ಮೇಲಕ್ಕೆಳೆದುಕೊಂಡು ಅವಳು ಪೆಟ್ಟಿಗೆಯನ್ನು ದಾಟಿದಳು.