ಬೆನ್ನಿನ ಹುರಿ

ಎಪ್ಪತ್ತಾರನೆಯ ಇಸವಿಯಲ್ಲಿ ಬೆಟಗೇರಿಯ ನೇಕಾರ ಪಾಂಡಪ್ಪ ಅಟ್ಟದಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡ. ಎರಡು ತಿಂಗಳಿಗೆ ಕಾಲಿಗೆ ಬಲ ಬಂತು, ಧೈರ್ಯ ಮಾತ್ರ ಬರಲಿಲ್ಲ.

ಡಾಕ್ಟರರು ಹೇಳಿದ್ದು ಒಳ್ಳೆಯದನ್ನೇ. "ಬೆನ್ನುಹುರಿಗೆ ಪೆಟ್ಟಾಗಿತ್ತು, ಈಗ ಸುಧಾರಿಸೇತಿ. ತಲಿ 'ನಡಿ' ಅಂದ್ರ ಸಾಕು. ಯಾವ ಕಾಲು ಮೊದಲು, ಯಾವುದು ಆಮ್ಯಾಲೆ ಅನ್ನೋದನ್ನ ಹುರಿಯೊಳಗಿನ ನರಕೋಶ ನೋಡಿಕೋತಾವು. ದಿನಾ ನಡೀರಿ."

ಪಾಂಡಪ್ಪನ ಕಿವಿಗೆ ಬಿದ್ದದ್ದು 'ಹುರಿ' ಒಂದೇ. ಪೆಟ್ಟು ತಿಂದ ಹುರಿಯನ್ನು ಜಗ್ಗಿದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆಂದು ನೇಕಾರನಿಗೆ ಯಾರು ಕಲಿಸಬೇಕು? ಹಗ್ಗವನ್ನು ಹಾವೆಂದವರನ್ನು ಕಂಡಿದ್ದೇವೆ. ನರವನ್ನು ನೂಲೆಂದವನು ಇವನೊಬ್ಬನೇ. ಹಾಸಿಗೆ ಬಿಟ್ಟು ಏಳಲೊಲ್ಲ.

ಹೆಂಡತಿ ರತ್ನವ್ವ ಎಬ್ಬಿಸಿ ನಿಲ್ಲಿಸಿದರೆ, ಗೋಡೆ ಹಿಡಿದು ಕಾಲಿಗೇ ಅಪ್ಪಣೆ ಕೊಡುವನು. "ಬಲಗಾಲೇ, ನೀ ಏಳು. ಎಡಗಾಲೇ, ನೀ ತಡಿ." ಎರಡೂ ತೊಡರಿಕೊಂಡು ದೊಪ್ಪನೆ ಕುಸಿಯುವನು.

"ಮಗ್ಗದ ಕುಣಿಯೊಳಗ ಕುಂತು ತುಳಿಯುವಾಗ ಕಾಲಿಗೆ ಏನ್ ಹೇಳ್ತಿದ್ರಿ?" ಎಂದಳು ರತ್ನವ್ವ.

"ಹೇಳೋದೇನೈತಿ? ಲಾಳಿ ಓಡ್ತಿತ್ತು, ಕಾಲು ತಾವ ತುಳೀತಿದ್ವು."

"ಮತ್ತ ಈಗ್ಯಾಕ ಅವಕ್ಕ ಪಾಠ ಹೇಳಾಕ ಹತ್ತೀರಿ, ಮಾಸ್ತರ್ರ?"

ನಕ್ಕಳು ನಿಜ. ಆದರೆ ಈ ಮನುಷ್ಯ ಬರೀ ಹೆದರಿಕೆಯಿಂದಲೇ ಹೆಳವನಾಗಿಬಿಟ್ಟರೆ ಏನು ಗತಿ ಎಂಬ ಚಿಂತೆ ಅವಳನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಮಗ್ಗಕ್ಕೆ ಇಳಿದಳು. ಅವನು ಅರ್ಧಕ್ಕೆ ಬಿಟ್ಟ ಸೀರೆಯನ್ನು ಬೇಕೆಂದೇ ತಪ್ಪು ತುಳಿದು ನೇಯತೊಡಗಿದಳು. ಬಲ, ಬಲ, ಎಡ, ಮತ್ತೆ ಎಡ.

"ಏ, ತುಳಿತ ತಪ್ಪೈತಿ," ಮಗ್ಗದ ಸಪ್ಪಳ ಕೇಳಿಯೇ ಒಳಕೋಣೆಯಿಂದ ಪಾಂಡಪ್ಪ ಕೂಗಿದ. ರತ್ನವ್ವ ಕಿವುಡಿಯಾದಳು.

"ಸೀರಿ ದಡಿ ಹಾಳಾತು ಅಂತೀನಿ." ಅವಳು ಇನ್ನೊಮ್ಮೆ ಬಲಗಾಲನ್ನೇ ಒತ್ತಿದಳು.

"ಲೇ ರತ್ನಿ, ಕೈ ತಗೀ. ನಿಮ್ಮಪ್ಪನ ಮನ್ಯಾಗ ಹಿಂಗ ನೇಯ್ತಿದ್ರೇನು?"

ಈ ಮಾತು ಹತ್ತಿರದಿಂದ ಕೇಳಿತು. ತಲೆ ಎತ್ತಿದಳು. ಪಾಂಡಪ್ಪ ಹೊಸ್ತಿಲು ದಾಟಿ, ಗೋಡೆ ಬಿಟ್ಟು, ಕೈ ಬೀಸುತ್ತ ಪಡಸಾಲೆಯ ನಡುವೆ ನಡೆದು ಬರುತ್ತಿದ್ದ. ಅವನಿಗೇ ಅದರ ಖಬರಿರಲಿಲ್ಲ.

ರತ್ನವ್ವನ ಕಣ್ಣು ತುಂಬಿ ಬಂತು. ಮಗ್ಗಕ್ಕೆ ಇನ್ನೂ ನಾಲ್ಕು ಹೆಜ್ಜೆ ಉಳಿದಿತ್ತು. ಕಾಲಿನ ಸುದ್ದಿ ಎತ್ತಿದರೆ ಅಲ್ಲೇ ಕುಸಿಯುತ್ತಾನೆ. ಕಣ್ಣೊರೆಸಿಕೊಳ್ಳದೆ ತಲೆ ತಗ್ಗಿಸಿದಳು.

"ನಮ್ಮಪ್ಪನ ಸುದ್ದಿಗೆ ಬಂದ್ರ ನೆಟ್ಟಗಿರೂದಿಲ್ಲ ನೋಡ್ರಿ," ಎಂದು ಮತ್ತೊಂದು ತಪ್ಪು ತುಳಿದಳು.