ಅವನು ತೆಗೆದುಹಾಕಿದ ಸಾಲು

ನಾನೂರ ಹನ್ನೆರಡು ಜನ ಮೆಚ್ಚಿದ್ದಾರಂತೆ, ಮೆಚ್ಚಲಿ, ಫೋನಿನ ಪರದೆಯಲ್ಲಿ ಕೆಂಪು ಹೃದಯಗಳು ಒಂದರ ಹಿಂದೊಂದು ಏರುತ್ತಿವೆ, ಕೆಳಗೆ ಟೈ ಕಟ್ಟಿದ ಮೇಲ್ವಿಚಾರಕನ ನಗುಮುಖ, ಅವನ ಹೆಸರು — ಯಂತ್ರದಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುವ ಬಗೆಯನ್ನು ಬರೆದವಳು ನಾನು, ಹದಿನೇಳು ವರ್ಷ ಈ ನೋಟ್‌ಬುಕ್ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತು ಸೊಂಟ ಬಿದ್ದವಳು ನಾನು. ನಿಮಗೆ ಗೊತ್ತಿರೋದನ್ನ ಕಂಪನಿ ಬ್ಲಾಗಲ್ಲಿ ಹಂಚ್ಕೊಳ್ಳಿ, ಐದು ಬರಹಕ್ಕೆ ಒಂದು ನೀರಿನ ಬಾಟಲಿ ಅಂದಿದ್ದರು ಆಫೀಸಿನ ಮೇಡಂ, ಬಾಟಲಿಗಾಗಿ ಯಾರು ಬರೆಯುತ್ತಾರೆ, ನನ್ನ ಹೆಸರು ಅಲ್ಲಿರುತ್ತದೆ, ಮಗಳಿಗೆ ತೋರಿಸಬಹುದು, ಸುಳ್ಳೇಕೆ, ಅದೇ ಆಸೆ. ಟೈಪ್ ಮಾಡಿಸ್ತೀನಿ ಕೊಡಮ್ಮ ಅಂದ ಈ ಮೇಲ್ವಿಚಾರಕ, ಕೊಟ್ಟೆ, ಕೊಟ್ಟವಳು ಕೋಡಂಗಿ, ಇಸ್ಕೊಂಡವನು ವೀರಭದ್ರ. ಹೆಸರು ಹೋದರೆ ಹಾಳಾಗಿ ಹೋಗಲಿ, ಕೊನೆಯ ಸಾಲನ್ನೂ ತೆಗೆದಿದ್ದಾನೆ, ಸ್ವಿಚ್ ಆರಿಸಿದ ಮೇಲೂ ಕೊಳವೆಯಲ್ಲಿ ಬ್ಲೇಡನ್ನು ಒತ್ತುವ ಗಾಳಿ ಉಳಿದಿರುತ್ತದೆ, ಬ್ಲೇಡು ಇನ್ನೊಮ್ಮೆ ಬೀಳುತ್ತದೆ, ಕೆಳಗಿನ ನಲ್ಲಿ ತಿರುಗಿಸಿ, ಸುಯ್ ಎನ್ನುವ ಸದ್ದು ನಿಲ್ಲುವವರೆಗೆ ಕೈ ಹಾಕಬೇಡಿ — ಯಾಕೆ ತೆಗೆದ್ರಿ ಅಂದರೆ, ಉದ್ದ ಆಯ್ತಮ್ಮ, ಜನ ಅಷ್ಟೊಂದು ಓದಲ್ಲ ಅಂದ. ಓದಲ್ಲವಂತೆ! ಅವತ್ತೇ ಪಣ ತೊಟ್ಟೆ, ಇನ್ನು ಯಾರು ಕೇಳಿದರೂ ನನಗೇನೂ ಗೊತ್ತಿಲ್ಲ, ಬಾಯಿಗೆ ಬೀಗ.

ಮತ್ತೆ ಇವಳ್ಯಾರು, ಬರಹದ ಕೆಳಗೆ ಮೂರು ದಿನದ ಹಿಂದೆ ಕೇಳಿದ್ದಾಳೆ, ಇನ್ನೊಂದು ಊರಿನ ಘಟಕಕ್ಕೆ ಹೊಸದಾಗಿ ಸೇರಿದವಳಂತೆ, ಸಾರ್, ಆಫ್ ಮಾಡಿದ್ಮೇಲೂ ಬ್ಲೇಡು ಒಂದ್ಸಲ ಅಲ್ಲಾಡ್ತು, ಯಾಕೆ, ಇಲ್ಲಿ ನೋಡಿ — ಜಾಗ ತೋರಿಸುವುದಕ್ಕೆಂದು ಫೋಟೋ, ಬ್ಲೇಡಿನ ಕೆಳಗೇ ತೋರುಬೆರಳು ಇಟ್ಟು, ಉಗುರಿಗೆ ನೀಲಿ ಬಣ್ಣ. ಅಯ್ಯೋ ಪೆದ್ದಿ, ಬೆರಳಿಟ್ಟು ತೋರಿಸ್ತಾರೇನೇ! ಅದಕ್ಕೆ ಆ ಮಹಾಶಯನ ಉತ್ತರ ಎತ್ತಿದ ಹೆಬ್ಬೆರಳಿನ ಚಿತ್ರ, ಅಷ್ಟೇ. ಮೈಯೆಲ್ಲ ಉರಿಯುತ್ತದೆ, ಅವನ ಮೇಲೆ, ಮೂರು ದಿನ ಈ ಪುಟ ತೆರೆಯದೆ ಮುನಿಸಿಕೊಂಡು ಕೂತ ನನ್ನ ಮೇಲೂ. ಪಣ ಮಣ್ಣುಪಾಲಾಗಲಿ — ಬರೆಯುತ್ತೇನೆ, ಬೆರಳು ತೆಗಿ, ನಲ್ಲಿ ತಿರುಗಿಸು, ಗಾಳಿ ಪೂರ್ತಿ ಹೋಗಲಿ, ಅಲ್ಲಿವರೆಗೆ ಮುಟ್ಟಬೇಡ ತಾಯಿ, ಕಳಿಸಿದೆ, ಹೋಯಿತು, ಇಲ್ಲ, ಹೋಗಲಿಲ್ಲ, ನಿಮ್ಮ ಪ್ರತಿಕ್ರಿಯೆ ಲೇಖಕರ ಒಪ್ಪಿಗೆಯ ನಂತರ ಪ್ರಕಟವಾಗುತ್ತದೆ. ಲೇಖಕರು! ಓಡಿ ಬಂದರೆ ಲೇಖಕರ ಕೋಣೆಗೆ ಬೀಗ, ಬ್ಲಾಗಿನ ಬಹುಮಾನ ತಗೊಳ್ಳೋಕೆ ಹೆಡ್ ಆಫೀಸಿಗೆ ಹೋದ್ರಲ್ಲ ಎನ್ನುತ್ತಾನೆ ಕಾವಲುಗಾರ, ಆ ಘಟಕದ ನಂಬರ್ ಕೊಡಪ್ಪ, ನನ್ ಹತ್ರ ಎಲ್ಲಿದೆ ಅಕ್ಕ, ಮೇಲ್ವಿಚಾರಕನಿಗೇ ಮಾಡುತ್ತೇನೆ, ಅವನ ಫೋನು ರಿಂಗಾಗುತ್ತದೆ, ರಿಂಗಾಗುತ್ತಲೇ ಇದೆ, ಎತ್ತು, ಎತ್ತೋ — ಬ್ಲೇಡಿನ ಕೆಳಗೆ ಬೆರಳು, ನೀಲಿ ಉಗುರು, ಬೆರಳು.